ಬಾನೆಟ್ಟಿನೊಳಗೊಂದು ತುಪ್ಪದ ಡಬ್ಬ

ತಾಲ್ಲೂಕು ಕಚೇರಿಯ ಗುಮಾಸ್ತನಾದ ನನಗೆ ಯಂತ್ರಗಳ ವಿಷಯದಲ್ಲಿ ವಿಶೇಷ ಜ್ಞಾನವಿದೆ ಎಂಬ ನಂಬಿಕೆ ತೊಂಬತ್ತರ ದಶಕದ ಒಂದು ಭಾನುವಾರದವರೆಗೆ ನನ್ನಲ್ಲಿ ಗಟ್ಟಿಯಾಗಿತ್ತು. ಪಾಂಡವಪುರದ ನಮ್ಮ ಬೀದಿಯಲ್ಲಿ ಯಾರ ಮಿಕ್ಸಿ ಕೆಟ್ಟರೂ ಮೊದಲು ನಾನು ಬಿಚ್ಚುತ್ತಿದ್ದೆ. ಆಮೇಲೆ ಅವರು ಹೊಸದು ಕೊಳ್ಳುತ್ತಿದ್ದರು. ಈ ಎರಡು ಸಂಗತಿಗಳ ನಡುವೆ ನನಗೆ ಯಾವ ಸಂಬಂಧವೂ ಕಂಡಿರಲಿಲ್ಲ.

ತೊಣ್ಣೂರಿನ ಪಕ್ಕದ ಹಳ್ಳಿಯಲ್ಲಿದ್ದ ನಮ್ಮ ಮಾವನವರ ಹತ್ತಿರ ಒಂದು ಹಳೆಯ ಡೀಸೆಲ್ ಜೀಪಿತ್ತು. ನನ್ನ ಹೆಂಡತಿ ಸುಜಾತಳ ತಂಗಿ ಶೋಭಾಳಿಗೆ ಆಗ ನಾಗಮಂಗಲದ ಕಡೆಯಿಂದ ಒಂದು ಒಳ್ಳೆಯ ಸಂಬಂಧ ಕೂಡಿಬಂದಿತ್ತು. ಹಿಂದೆ ಎರಡು ಸಂಬಂಧಗಳು ಕೊನೇ ಗಳಿಗೆಯಲ್ಲಿ ತಪ್ಪಿಹೋಗಿದ್ದವು. ಅತ್ತೆಯವರು ಹರಕೆ ಹೊರದ ದೇವರು ಉಳಿದಿರಲಿಲ್ಲ. ಗಂಡಿನ ಮನೆ ನೋಡುವ ಶಾಸ್ತ್ರಕ್ಕೆ ಸ್ವಂತ ಜೀಪಿನಲ್ಲಿ ಮರ್ಯಾದೆಯಾಗಿ ಹೋಗಿ ಇಳಿಯಬೇಕೆಂಬುದು ಮಾವನವರ ಆಸೆ. ಆದರೆ ಸದರಿ ಜೀಪು ಸಣ್ಣ ಏರು ಬಂದರೂ ಏದುಸಿರು ಬಿಡುತ್ತಿತ್ತು.

"ಅಳಿಯಂದ್ರೇ, ಅಲ್ಲೀಗಂಟ ಓಯ್ತದಾ ಇದು?" ಎಂದು ಮಾವ ಅನುಮಾನದಿಂದ ಕೇಳಿದರು.

"ಹದಿನೈದು ದಿನ ನನ್ನ ಕೈಗೆ ಬಿಡಿ ಮಾವ. ಹೊಸ ಜೀಪು ಮಾಡಿಕೊಡ್ತೀನಿ!"

ಅವರು ಕೀ ಕೊಟ್ಟರು. ನಮ್ಮ ಕಡೆ ಮಾವಂದಿರು ಅಳಿಯನ ಮಾತನ್ನು ತೆಗೆದುಹಾಕುವುದಿಲ್ಲ. ಅದೇ ಅವರ ದುರದೃಷ್ಟ.

ಬಾಬುರಾಯನಕೊಪ್ಪಲಿನಲ್ಲಿದ್ದ ಮೆಕ್ಯಾನಿಕ್ ಅನ್ವರ್ ಭಾಯಿಗೆ ಜೀಪು ತೋರಿಸಿದೆ. ಆತ ಇಂಜಿನ್ನಿನ ಒಂದು ರಬ್ಬರ್ ಪೈಪು ಕಿತ್ತು, ಒಳಗೆ ಬೆರಳಾಡಿಸಿ, ಕಾಡಿಗೆಯಂಥ ಕರೀ ಜಿಡ್ಡು ತೆಗೆದು ತೋರಿಸಿದ.

"ನೋಡಿ ಸಾರ್, ಇಂಜಿನ್ ಉಸಿರು ಬಿಡ್ತದಲ್ಲ, ಆ ಹೊಗೇಲಿ ಆಯಿಲ್ ಇರ್ತದೆ. ಅದೇ ಹೊಗೆ ವಾಪಸ್ ಗಾಳಿ ಪೈಪಿಗೆ ಹೋಗಿ ಹಿಂಗೆ ಜಿಡ್ಡು ಕಟ್ತದೆ. ಮಧ್ಯದಲ್ಲಿ ಒಂದು ಡಬ್ಬ ಕಟ್ಟಿದ್ರೆ ಆಯಿಲ್ ಅದ್ರಲ್ಲೇ ನಿಲ್ತದೆ, ಬರೀ ಗಾಳಿ ಮುಂದಕ್ಕೆ ಹೋಗ್ತದೆ. ಆದ್ರೆ ಆಚೆ ಬರೋ ಪೈಪು ಮೇಲುಗಡೆನೇ ಇರ್ಬೇಕು. ವಾರಕ್ಕೊಂದ್ಸಲ ಡಬ್ಬ ಬಗ್ಗಿಸಿ ಚೆಲ್ಬೇಕು. ಶನಿವಾರ ಬನ್ನಿ, ನಾನೇ ಮಾಡಿಕೊಡ್ತೀನಿ."

ನಾನು ಕೇಳಿಸಿಕೊಂಡದ್ದು 'ಒಂದು ಡಬ್ಬ ಕಟ್ಟಿದ್ರೆ' ಎಂಬಲ್ಲಿಯವರೆಗೆ ಮಾತ್ರ. ಒಂದು ಡಬ್ಬ ಕಟ್ಟಲು ಶನಿವಾರದವರೆಗೆ ಕಾಯಬೇಕೆ? ಜಿಡ್ಡನ್ನಷ್ಟೇ ತೆಗೆಸಿಕೊಂಡು ಮನೆಗೆ ಬಂದೆ.

ಅಡುಗೆಮನೆಯಲ್ಲಿ ತಕ್ಕ ಡಬ್ಬ ಸಿಕ್ಕಿತು. ಬಿಗಿಯಾದ ಮುಚ್ಚಳದ ಸ್ಟೀಲಿನ ತುಪ್ಪದ ಡಬ್ಬ. ಮದುವೆಯಲ್ಲಿ ಅತ್ತೆಯವರು ಕೊಟ್ಟಿದ್ದು, ಮೈಮೇಲೆ 'ಚಿ. ಸೌ. ಸುಜಾತಳಿಗೆ ತವರಿನಿಂದ' ಎಂದು ಕೊರೆಸಿತ್ತು. ತುಪ್ಪವನ್ನು ಲೋಟಕ್ಕೆ ಬಗ್ಗಿಸಿ ಬಚ್ಚಿಟ್ಟು, ಮುಚ್ಚಳಕ್ಕೆ ಎರಡು ತೂತು ಹೊಡೆಸಿ, ಹೊಗೆ ಬರುವ, ಹೋಗುವ ಎರಡು ಪೈಪುಗಳನ್ನೂ ಡಬ್ಬದ ಅರ್ಧದವರೆಗೆ ಇಳಿಬಿಟ್ಟು ಅಂಟು ಮೆತ್ತಿ, ಹಳೆಯ ಬೆಲ್ಟಿನಿಂದ ಬಾನೆಟ್ಟಿನೊಳಗೆ ಬಿಗಿದೆ. ಜೀಪು ಹತ್ತಿ ದಿನಾ ಕಚೇರಿಗೆ ಹೋಗಿಬಂದೆ. ಪರೀಕ್ಷಾರ್ಥವಾಗಿ! ಮಾವ ಹದಿನೈದು ದಿನ ಬಸ್ಸಿಗೆ ನಿಂತರು.

ಇತ್ತ ಸುಜಾತ ತುಪ್ಪದ ಡಬ್ಬ ಹುಡುಕಿ ಹುಡುಕಿ ಕೊನೆಗೆ ಪಕ್ಕದ ಮನೆಯವರ ಜೊತೆ ಮಾತು ಬಿಟ್ಟಳು. ನಾನು ಬಾಯಿ ಬಿಡಲಿಲ್ಲ.

ಡಬ್ಬ ಮಾತ್ರ ಕೆಲಸ ಮಾಡುತ್ತಿತ್ತು. ಮುಚ್ಚಳ ತೆಗೆದಾಗಲೆಲ್ಲ ಕರೀ ಆಯಿಲು ಇನ್ನಷ್ಟು ಏರಿರುತ್ತಿತ್ತು. ಅದನ್ನು ಚೆಲ್ಲಲು ಮನಸ್ಸು ಬರಲಿಲ್ಲ. ಸಾಕ್ಷಿ ಬೇಡವೆ? ಗಂಡಿನ ಮನೆಯವರೆದುರು ಬಾನೆಟ್ ಎತ್ತಿ, ತುಂಬಿದ ಡಬ್ಬ ತೋರಿಸಿ, ದೊಡ್ಡ ಅಳಿಯ ಎಂಥವನೆಂದು ಹೆಣ್ಣಿನ ಕಡೆಯ ಘನತೆ ಎತ್ತಿಹಿಡಿಯುವ ಯೋಜನೆ ಸಿದ್ಧವಾಗಿತ್ತು. ಹೊರಡುವ ಬೆಳಿಗ್ಗೆ, ಇರಲಿ ಎಂದು, ಇಂಜಿನ್ನಿಗೆ ಇನ್ನೂ ಒಂದು ಲೀಟರ್ ಆಯಿಲು ಸುರಿದೆ.

ಮಾವ, ಅತ್ತೆ, ಸುಜಾತ, ನಾನು ಹೊರಟೆವು. ನಾನೇ ಡ್ರೈವರು. ಜೀಪು ನಾಗಮಂಗಲದವರೆಗೆ ಸೊಗಸಾಗಿ ಓಡಿತು. "ಪರ್ವಾಗಿಲ್ಲ ಕಣಮ್ಮೀ, ನಿನ್ ಗಂಡ ಬುದ್ವಂತ," ಎಂದರು ಮಾವ. ನನ್ನ ಎದೆ ಉಬ್ಬಿತು.

ಗಂಡಿನ ಮನೆಯ ಅಂಗಳ ಇಳಿಜಾರಾಗಿತ್ತು. ಗಂಡಿನ ತಂದೆ, ಹತ್ತಾರು ನೆಂಟರು ಬಾಗಿಲಲ್ಲೇ ನಿಂತಿದ್ದರು. ಕಾಲಿಗೆ ನೀರು ಕೊಡುವುದಕ್ಕೂ ಬಿಡದೆ ನಾನು, "ಒಂದು ವಿಶೇಷ ಇದೆ, ಬನ್ನಿ," ಎಂದು ಓಡುತ್ತಿದ್ದ ಇಂಜಿನ್ನಿನ ಬಾನೆಟ್ ಎತ್ತಿದೆ. ಎಲ್ಲರೂ ಬಗ್ಗಿ ನೋಡಿದರು. ಇದನ್ನು ಮಾಡಿದವರಾರು ಎಂದು ಯಾರಾದರೂ ಕೇಳಲಿ ಎಂದು ಕಾದೆ. ಯಾರೂ ಕೇಳಲಿಲ್ಲ.

ಸುಜಾತ ಮಾತ್ರ, "ರೀ, ಇದು ನಮ್ಮವ್ವ ಕೊಟ್ಟ ಡಬ್ಬ ಅಲ್ವಾ?" ಎಂದಳು.

ಮಾತು ಮರೆಸಲು ನಾನು ಜೀಪು ಹತ್ತಿ ಆಕ್ಸಿಲರೇಟರ್ ಜೋರಾಗಿ ತುಳಿದೆ.

ಇಳಿಜಾರಿಗೆ ವಾಲಿದ್ದ ಡಬ್ಬದಲ್ಲಿ ಆಯಿಲು ಪೈಪಿನ ಬಾಯಿಗೆ ಮುಟ್ಟಿತ್ತು. ಎಳನೀರಿಗೆ ಕೊಳವೆ ಹಾಕಿ ಹೀರಿದಂತೆ ಇಂಜಿನ್ನು ಅಷ್ಟನ್ನೂ ಹೀರಿಕೊಂಡಿತು. ನಾನು ಕಾಲು ತೆಗೆದರೂ ಅದು ಅರಚುವುದು ನಿಲ್ಲಲಿಲ್ಲ. ಕೀ ತಿರುಗಿಸಿದೆ, ನಿಲ್ಲಲಿಲ್ಲ. ಡೀಸೆಲ್ ನಿಲ್ಲಿಸುವ ಗುಂಡಿ ಎಳೆದೆ. ಗುಂಡಿ ನನ್ನ ಕೈಗೇ ಬಂತು! ಡೀಸೆಲ್ಲಿನ ಹಂಗೇ ಇಲ್ಲದೆ ಅದು ತನ್ನ ಆಯಿಲನ್ನೇ ಕುಡಿದು ಓಡುತ್ತಿತ್ತು. ದಟ್ಟ ಹೊಗೆ ಅಂಗಳ ತುಂಬಿ, ಮನೆ ಹೊಕ್ಕು, ಶಾಸ್ತ್ರಕ್ಕೆ ಜೋಡಿಸಿಟ್ಟ ತಟ್ಟೆಗಳ ಮೇಲೆಲ್ಲ ಹಬ್ಬಿತು. ಕೊಟ್ಟಿಗೆಯ ಎಮ್ಮೆ ಹಗ್ಗ ಕಿತ್ತುಕೊಂಡು ಓಡಿತು.

"ಅದು ಕ್ಲೀನ್ ಆಗ್ತಾ ಇದೆ!" ಎಂದು ನಾನು ಕೂಗಿದೆ. ಹಾಗೆ ಯಾಕೆ ಕೂಗಿದೆನೋ, ಇವತ್ತಿಗೂ ಗೊತ್ತಿಲ್ಲ.

"ಸರೀರೀ ಅತ್ಲಾಗೆ!" ಎಂದು ಹೊಗೆಯೊಳಗಿಂದ ಯಾರೋ ನುಗ್ಗಿದರು. ಮದುವೆಗಂಡು! ಬಿಳೀ ಪಂಚೆಯಲ್ಲಿ ಬಂದವನು ನನ್ನ ಹೆಗಲ ಮೇಲಿನ ಜರಿ ಶಲ್ಯ ಕಿತ್ತು, ಗಾಳಿ ಹೋಗುವ ಪೈಪು ಬಿಚ್ಚಿ, ಅದರ ಬಾಯಿಗೆ ಶಲ್ಯ ತುರುಕಿ ಅದುಮಿ ಹಿಡಿದ. ಇಂಜಿನ್ನು ಎರಡು ಸಲ ಬಿಕ್ಕಿ, ಟಪ್ ಎಂದು ಸತ್ತಿತು.

ಹೊಗೆ ಕರಗಿದಾಗ ಎಲ್ಲರ ಮುಖದ ಮೇಲೂ ಮಸಿ. ಅತ್ತೆಯವರು ಕಣ್ಣೀರು ಒರೆಸಿಕೊಳ್ಳುತ್ತಿದ್ದರು. ಹೊಗೆಗೋ, ಮೂರನೇ ಸಂಬಂಧವೂ ಹೋಯಿತೆಂದೋ, ಕೇಳುವ ಧೈರ್ಯ ನನಗಾಗಲಿಲ್ಲ.

ಗಂಡಿನ ತಂದೆ ಡಬ್ಬದ ಕಡೆ ಕೈ ತೋರಿಸಿ, "ಯಾರು ಇದ ಮಾಡ್ದೋರು?" ಎಂದರು.

ನಾನು ಕಾದಿದ್ದ ಪ್ರಶ್ನೆ! ಕೈಗೆ ಬಂದಿದ್ದ ಗುಂಡಿಯನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡೆ.

ಮಾವ ಮುಂದೆ ಬಂದು ಕೈ ಮುಗಿದರು. "ನಾನೇ ಕಣಣ್ಣ. ಅಳಿಯಂದ್ರು ಬ್ಯಾಡ ಬ್ಯಾಡ ಅಂದ್ರು. ನಾನೇ ಕೇಳ್ನಿಲ್ಲ. ನನ್ ತಪ್ಪಿಗೆ ನಮ್ ಮಗೀನ್ ಮ್ಯಾಲೆ ಬ್ಯಾಸರ ಮಾಡ್ಕಬೇಡಿ."

ಗಂಡಿನ ತಂದೆ ಅವರ ಕೈ ಹಿಡಿದುಕೊಂಡರು. "ಅಯ್, ಬುಡಿ ಗೌಡ್ರೇ, ಯಾರ್ಗೂ ಏನೂ ಆಗ್ನಿಲ್ವಲ್ಲ. ಇಂಜಿನ್ ಕೆಟ್ರೆ ಸಂಬಂಧ ಕೆಡ್ತದಾ? ಒಳೀಕೆ ನಡೀರಿ, ಊಟ ಆರೋಯ್ತದೆ."

ಅಂಗಳವೆಲ್ಲ ಉಸಿರು ಬಿಟ್ಟಿತು. ಎಲ್ಲರೂ ನನ್ನತ್ತ ತಿರುಗಿದರು. ಸುಜಾತ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಮಾವನವರ ಕಾಲು ಹಿಡಿಯಬೇಕಾದ, ನಿಜ ಹೇಳಬೇಕಾದ ಗಳಿಗೆ ಅದು. ನಾನು ಬಾಯಿ ತೆರೆದೆ.

"ಇರಲಿ ಬಿಡಿ ಮಾವ. ಇನ್ನು ಮೇಲಾದರೂ ತಿಳಿದವರ ಮಾತು ಕೇಳಿ," ಎಂದುಬಿಟ್ಟೆ.

"ಆಯ್ತು ಅಳಿಯಂದ್ರೇ, ಕೇಳ್ತೀನಿ," ಎಂದರು ಮಾವ, ತಲೆ ತಗ್ಗಿಸಿ.

ಅವರ ಮುಖ ನೋಡಲಾಗದೆ ನಾನು ಬಾನೆಟ್ಟಿನೊಳಗೆ ತಲೆ ಹಾಕಿ, ಬಹಳ ಹೊತ್ತು ಏನನ್ನೋ ಪರೀಕ್ಷಿಸುತ್ತ ನಿಂತೆ. ಅಲ್ಲಿ ನನಗೆ ಗೊತ್ತಿದ್ದದ್ದು ಒಂದೂ ಇರಲಿಲ್ಲ.