ಮ್ಯಾಲಕಿ ಬ್ಲಾಂಗನ ಫ್ರೆಂಚ್ ಮುತ್ತಾತ

ಮಿಸೆಸ್ ಡೀಗನ್ ಟೀಪಾಟ್ ಎತ್ತಿ ಹಿಡಿದು, ಇನ್ನೊಂದು ಕಪ್ ಸುರಿಯಲೋ ಬೇಡವೋ ಎಂದು ಯೋಚಿಸುತ್ತಿದ್ದ ಆ ಅರೆಗಳಿಗೆಯಲ್ಲಿ ಮ್ಯಾಲಕಿ ಬ್ಲಾಂಗನ ಬಾಯಿಂದ ಒಂದು ಮಾತು ಜಾರಿಬಿಟ್ಟಿತು.

"ನಮ್ಮ ಮೂಲಪುರುಷ ಫ್ರಾನ್ಸಿಂದ ಬಂದ ಕ್ಯಾಪ್ಟನ್ ಅಂತೆ."

ಟೀಪಾಟ್ ಬಾಗಿತು, ಕಪ್ ತುಂಬಿತು. ಜೊತೆಗೆ ಒಂದು ದಪ್ಪ ತುಂಡು ಪ್ಲಮ್ ಕೇಕೂ ಬಂತು.

ಹಿಂದೆ ಫ್ರೆಂಚರು ಬಂದು ನೆಲೆಸಿದ್ದ ಪೋರ್ಟಾರ್ಲಿಂಗ್ಟನ್ ಊರಿನ ಮಾರುಕಟ್ಟೆ ಚೌಕದಲ್ಲಿ ಬೂಟು ರಿಪೇರಿ ಅಂಗಡಿ ಇಟ್ಟಿದ್ದ ಮ್ಯಾಲಕಿಗೆ ಐವತ್ತನಾಲ್ಕು ವರ್ಷ, ಮದುವೆಯಾಗಿರಲಿಲ್ಲ. ಮಿಸೆಸ್ ಫಿಲೋಮಿನಾ ಡೀಗನ್ ಕಾನ್ವೆಂಟಿನಲ್ಲಿ ಫ್ರೆಂಚ್ ಕಲಿಸಿ ನಿವೃತ್ತರಾದ ವಿಧವೆ, ಊರಿನ ಫ್ರೆಂಚ್ ಹಬ್ಬದ ಸಮಿತಿಗೆ ಅಧ್ಯಕ್ಷೆ. ಎರಡು ವರ್ಷಗಳಲ್ಲಿ ಆಕೆಯ ಒಂದೇ ಜೊತೆ ಶೂವಿಗೆ ಮ್ಯಾಲಕಿ ಹನ್ನೊಂದು ಸಲ ಹಿಮ್ಮಡಿ ಕೂರಿಸಿ, ಅಷ್ಟೂ ಸಲ ತಾನೇ ಮನೆಗೆ ತಲುಪಿಸಿದ್ದ. ಆದರೂ ವ್ಯವಹಾರ ಒಂದು ಕಪ್ ಚಹಾ ದಾಟಿ ಮುಂದೆ ಹೋಗಿರಲಿಲ್ಲ.

ಕ್ಯಾಪ್ಟನ್ ವಿಷಯ ಪೂರ್ತಿ ಸುಳ್ಳೂ ಅಲ್ಲ. ಅವನ ಅಪ್ಪ ಎರಡು ಗ್ಲಾಸ್ ಬಿಯರ್ ಇಳಿಸಿದಾಗಲೆಲ್ಲ ಹಾಗೆ ಹೇಳುತ್ತಿದ್ದ. ಮೂರನೆಯ ಗ್ಲಾಸಿಗೆ ಕ್ಯಾಪ್ಟನ್ನಿಗೆ ಬಡ್ತಿ ಸಿಕ್ಕಿ ಜನರಲ್ ಆಗುತ್ತಿದ್ದ, ಅಷ್ಟೆ.

ಆ ಚಹಾ ಕುಡಿದ ನಾಲ್ಕನೆಯ ದಿನ, ಹಬ್ಬದ ಶನಿವಾರ, ಬೆಳಿಗ್ಗೆ ಒಂಬತ್ತಕ್ಕೆ ಮಿಸೆಸ್ ಡೀಗನ್ ಅಂಗಡಿಗೆ ನುಗ್ಗಿದರು.

"ಮಿಸ್ಟರ್ ಬ್ಲಾಂಗ್, ನೀವು ಕೂತ್ಕೊಳ್ಳಿ! ಅಲ್ಲ, ಎದ್ದೇಳಿ! ಫ್ರಾನ್ಸಿಂದ ಮೊಸ್ಯು ಗರೀಗ್ ಅಂತ ದೊಡ್ಡ ಪಂಡಿತರು ಬರ್ತಿದಾರೆ. ಮತದ ಕಾರಣಕ್ಕೆ ಅಲ್ಲಿಂದ ಓಡಿಬಂದ ಹ್ಯೂಗನಾಟ್ ಮನೆತನಗಳನ್ನ ಹುಡುಕೋದೇ ಅವರ ಕೆಲಸ. ನಿಮ್ಮ ವಿಷಯ ಹೇಳ್ದೆ. ಕುಣಿದಾಡ್ಬಿಟ್ರು!"

"ನನ್ನ ವಿಷಯಾನಾ?" ಎಂದ ಮ್ಯಾಲಕಿ. ಬಾಯಲ್ಲಿ ಕಚ್ಚಿಕೊಂಡಿದ್ದ ಎರಡು ಮೊಳೆಗಳಲ್ಲಿ ಒಂದು ಗಂಟಲಿನ ಕಡೆ ಹೊರಟಿತು.

"ಮೂರು ಗಂಟೆಗೆ ಮೆರವಣಿಗೆ. ಸಾರೋಟಲ್ಲಿ ನನ್ನ ಪಕ್ಕದ ಸೀಟು ನಿಮಗೆ. ರಾತ್ರಿ ಊಟಾನೂ ನಮ್ಮನೇಲೇ. ಅಷ್ಟರೊಳಗೆ ಒಂದು ದಾಖಲೆ ತೋರಿಸ್ಬಿಡಿ, ಸಾಕು. ನಿಮ್ಮನೇಲಿ ಇದ್ದೇ ಇರುತ್ತಲ್ಲ?"

"ಓ... ಇಲ್ದೆ ಏನು? ಬೇಕಾದಷ್ಟಿವೆ."

ಆಕೆ ಹೋದರು. ಪಕ್ಕದ ಮಾಂಸದಂಗಡಿಯ ಬಾಗಿಲಲ್ಲಿ ಚೂರಿ ಮಸೆಯುತ್ತ ಎಲ್ಲವನ್ನೂ ಕೇಳಿಸಿಕೊಂಡಿದ್ದ ಫಿಂಟನ್ ವೈಟ್ ನಿಧಾನವಾಗಿ ಒಳಗೆ ಇಣುಕಿದ. ಇವನೂ ಮ್ಯಾಲಕಿಯೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಅವತ್ತಿನಿಂದ ಇವತ್ತಿನವರೆಗೂ ಒಬ್ಬರನ್ನೊಬ್ಬರು ಕೆಣಕದೆ ಮಲಗಿದವರಲ್ಲ. ಫಿಂಟನ್ ಹೆಂಡತಿ ತೀರಿಹೋಗಿ ಹತ್ತು ವರ್ಷವಾಗಿತ್ತು. ಆಮೇಲಂತೂ ಅವನಿಗೆ ಬೇರೆ ಮನರಂಜನೆಯೇ ಇರಲಿಲ್ಲ.

"ಕ್ಯಾಪ್ಟನ್ನಾ? ಲೋ ಮ್ಯಾಲಕಿ, ನಿಮ್ಮಪ್ಪ ನಮ್ಮಪ್ಪನ ಸೈಕಲ್ ಕೇಳದೆ ತಗೊಂಡೋಗಿ ಕಾಲುವೆಗೆ ಇಳಿಸಿದೋನು ಕಣೋ. ನಿಂದು ಕುದುರೆ ಸವಾರರ ವಂಶಾನಾ?"

"ನಿನಗೇನು ಗೊತ್ತು ವಂಶದ ಬೆಲೆ? ಹೋಗು, ಕುರಿ ಕಡಿ."

"ಮೂರು ಗಂಟೆಗೆ ನಾನೇ ಮುಂದೆ ನಿಂತು ಸಲ್ಯೂಟ್ ಹೊಡೀತೀನಿ, ಆಯ್ತಾ?"

ಮ್ಯಾಲಕಿ ಅಂಗಡಿ ಮುಚ್ಚಿ ಮಹಡಿಗೆ ಓಡಿದ. ಮಂಚದಡಿಯಿಂದ ಅಪ್ಪನ ಬಿಸ್ಕತ್ತಿನ ಡಬ್ಬ ಎಳೆದು ನೆಲಕ್ಕೆ ಸುರಿದ. ನಾಯಿ ಸಾಕಲು ಪಡೆದ ಲೈಸೆನ್ಸ್, ಅಜ್ಜಿಯ ಜಪಮಾಲೆ, ರೈಲು ತಡವಾಗಿ ಬಂದದ್ದಕ್ಕೆ ಅಪ್ಪ ಬರೆದು ಕಳಿಸದೇ ಉಳಿದ ದೂರು. ಕ್ಯಾಪ್ಟನ್ ಇರಲಿ, ಸಿಪಾಯಿಯೂ ಇರಲಿಲ್ಲ. ಕೂತ. ಎದ್ದ. ಕಿಟಕಿಗೆ ಹೋದ, ಹಿಂದೆ ಬಂದ, ಅದೇ ನಾಯಿ ಲೈಸೆನ್ಸನ್ನು ಮತ್ತೊಮ್ಮೆ ಓದಿದ. ಇರುವೆ ಗೂಡಿನ ಮೇಲೆ ಕೂತವನ ಹಾಗೆ ಒಂದು ಕಡೆ ನಿಲ್ಲಲಾಗಲಿಲ್ಲ.

ಹನ್ನೊಂದೂವರೆ ಹೊತ್ತಿಗೆ ಎದುರುಮನೆಯ ದರ್ಜಿ ಹೆಟ್ಟಿ ಕಾಬ್ ಮೆಟ್ಟಿಲು ಹತ್ತಿ ಬಂದಳು. ಸುದ್ದಿ ಆಗಲೇ ಚೌಕ ದಾಟಿ ನದಿಯವರೆಗೂ ಹೋಗಿತ್ತು.

"ಕೈ ಎತ್ತಪ್ಪಾ ಮ್ಯಾಲಕಿ. ಕ್ಯಾಪ್ಟನ್ ಮೊಮ್ಮಗ ಈ ಸ್ವೆಟರಲ್ಲಿ ಸಾರೋಟು ಹತ್ತಿದ್ರೆ ಊರ ಮಾನ ಏನಾಗ್ಬೇಕು?"

ಸಭಾಭವನದ ಕೆಂಪು ಮಖಮಲ್ ಪರದೆಯನ್ನು ಕತ್ತರಿಸಿ ಅವಳು ಎರಡೇ ಗಂಟೆಯಲ್ಲಿ ಕೋಟು ಹೊಲಿದಿದ್ದಳು. ಬೆನ್ನಿನ ಕಡೆ ಪರದೆಯ ಹಿತ್ತಾಳೆ ಉಂಗುರಗಳನ್ನು ಬಿಚ್ಚಲು ಪುರಸೊತ್ತಾಗಿರಲಿಲ್ಲ. ಮ್ಯಾಲಕಿ ಹೆಜ್ಜೆ ಹಾಕಿದರೆ ಕೊರಳಗಂಟೆ ಕಟ್ಟಿದ ಹಸು ಮನೆಗೆ ಬಂದ ಹಾಗೆ ಸದ್ದಾಗುತ್ತಿತ್ತು.

"ಹೆಟ್ಟಿ, ಕೋಟಿರಲಿ. ನನ್ನತ್ರ ದಾಖಲೆ ಇಲ್ಲ."

"ಅದಕ್ಯಾಕೆ ಅಳ್ತೀಯ? ಫ್ರೆಂಚ್ ಚರ್ಚು ಗುಡಿಸೋಳು ನಾನೇ ಅಲ್ವಾ? ಹಳೇ ಪುಸ್ತಕದ ಕಪಾಟಿನ ಬೀಗದ ಕೈ ನನ್ನತ್ರಾನೇ ಇದೆ. ನಡಿ."

ಮ್ಯಾಲಕಿ ಕ್ಯಾಥೊಲಿಕ್. ಆ ಪ್ರಾಟೆಸ್ಟೆಂಟ್ ಚರ್ಚಿನ ಹೊಸಿಲನ್ನು ಅವನು ಯಾವತ್ತೂ ತುಳಿದವನಲ್ಲ. ಅಜ್ಜಿ ಮೇಲಿನಿಂದ ನೋಡುತ್ತಿದ್ದರೆ ಎಂದು ಒಂದು ಕ್ಷಣ ಆಕಾಶ ನೋಡಿದ. ಮಿಸೆಸ್ ಡೀಗನ್‌ರ ಪಕ್ಕದ ಸೀಟು ನೆನೆದು ಒಳಗೆ ಹೋದ. ಪುಸ್ತಕ ಇಟ್ಟಿಗೆಯಷ್ಟು ದಪ್ಪ. ಪೂರ್ತಿ ಫ್ರೆಂಚ್. ಹಾಳೆಯಿಂದ ಹಾಳೆಗೆ ಬೆರಳು ಓಡಿಸುತ್ತ ಹೋದವನು ನಲವತ್ತನೆಯ ಪುಟದಲ್ಲಿ ತಟ್ಟನೆ ನಿಂತ. ತನ್ನ ಮನೆತನದ ಹೆಸರನ್ನೇ ಹೋಲುವ ಒಂದು ಹೆಸರು!

"ಸಿಕ್ಬಿಟ್ಟ ಹೆಟ್ಟಿ! ಸಿಕ್ಬಿಟ್ಟ!"

ಒಂದು ಅಕ್ಷರವೂ ಅರ್ಥವಾಗದಿದ್ದರೂ ಆ ಐದು ಸಾಲುಗಳನ್ನು ಚುಕ್ಕೆ ಬಿಡದಂತೆ ಚೀಟಿಗೆ ಇಳಿಸಿಕೊಂಡ.

ಚೌಕಕ್ಕೆ ಬಂದರೆ ಹಬ್ಬ ಏರಿತ್ತು. ಕೆಂಪು ಕೋಟು ಕಂಡದ್ದೇ ತಡ, ಜನ ಅವನನ್ನು ಬಾಚಿಕೊಂಡು ಫ್ರೆಂಚರ ಪ್ರಿಯ ತಿನಿಸಾದ ಬಸವನಹುಳು ತಿನ್ನುವ ಸ್ಪರ್ಧೆಯ ಮೇಜಿಗೆ ಕೂರಿಸಿಬಿಟ್ಟರು.

"ನಂಗೆ ಬೇಡ್ರಪ್ಪಾ, ನಂಗೆ ಹೊಟ್ಟೆ ಸರಿ ಇಲ್ಲ!"

"ಫ್ರೆಂಚ್ ರಕ್ತಕ್ಕೆ ಬಸವನಹುಳು ಆಗಲ್ಲ ಅಂದ್ರೆ ಯಾರು ನಂಬ್ತಾರೆ?" ಎಂದು ಹಿಂದಿನಿಂದ ಫಿಂಟನ್ ಕೂಗಿದ. "ಮೊಸ್ಯು ಬಂದಾಯ್ತು, ನೋಡ್ತಾ ಇದಾರೆ, ನುಂಗೋ ಕ್ಯಾಪ್ಟನ್!"

ನಿಜವಾಗಿಯೂ ಎದುರಿಗೆ ಮಿಸೆಸ್ ಡೀಗನ್ ನಿಂತಿದ್ದರು; ಅವರ ಪಕ್ಕದಲ್ಲಿ ಒಬ್ಬ ಸಣಕಲು ಮುದುಕ, ಮೂಗಿನ ತುದಿಯಲ್ಲಿ ಕನ್ನಡಕ. ಮ್ಯಾಲಕಿ ಕಣ್ಣು ಮುಚ್ಚಿ ಒಂದು ನುಂಗಿದ. ಮಿಸೆಸ್ ಡೀಗನ್ ಚಪ್ಪಾಳೆ ತಟ್ಟಿದರು. ಇನ್ನೊಂದು ನುಂಗಿದ. ಆಕೆ ನಕ್ಕರು. ಆ ನಗುವಿನ ಬಲದಲ್ಲಿ ಒಟ್ಟು ಏಳು ಒಳಗೆ ಹೋದವು. ಒಂದನ್ನೂ ಅಗಿದಿರಲಿಲ್ಲವಾದ್ದರಿಂದ ಏಳೂ ಒಳಗೆ ಸೇರಿ ಸಭೆ ನಡೆಸುತ್ತಿರುವ ಹಾಗೆ ಅನಿಸತೊಡಗಿತು.

ಹಸಿರು ಬಣ್ಣಕ್ಕೆ ತಿರುಗಿದ ಮುಖದಲ್ಲೇ ಎದ್ದು, ಬೆನ್ನಿನ ಉಂಗುರ ಝಣಝಣಿಸುತ್ತ ಹೋಗಿ, ಚೀಟಿಯನ್ನು ಮೊಸ್ಯು ಗರೀಗರ ಕೈಗಿಟ್ಟ.

"ನಮ್ಮ ವಂಶದ್ದು. ಜೋರಾಗೇ ಓದಿ. ಎಲ್ರಿಗೂ ಕೇಳಿಸ್ಲಿ," ಎಂದು ಫಿಂಟನ್ ಕಡೆ ನೋಡಿದ.

ಮೊಸ್ಯು ಗರೀಗ್ ಈ ಊರಿನ ಭಾಷೆಯನ್ನು ಪುಸ್ತಕದಿಂದ ಕಲಿತವರು. ಫ್ರೆಂಚನ್ನು ಅದಕ್ಕೆ ತಿರುಗಿಸುತ್ತ ಓದಿದರು: "'ಲ ಬ್ಲಾಂ ಎಂಬಾತನು ಉಪದೇಶದ ವೇಳೆಯಲ್ಲಿ ಗೊರಕೆ ಹೊಡೆದು, ಪಕ್ಕದ ವೃದ್ಧೆಯ ಮೇಲೆ ಒರಗಿಬಿದ್ದನು. ಇದು ಮೂರನೆಯ ಬಾರಿ. ಸಭೆಯ ಹಿರಿಯರು ಆತನಿಗೆ ಛೀಮಾರಿ ಹಾಕಿದರು.' ಮಹಾಶಯರೇ, ಇದು ವಂಶಾವಳಿಯಲ್ಲ, ಶಿಕ್ಷೆಯ ಪಟ್ಟಿ."

ಚೌಕವೆಲ್ಲ ಗೊಳ್ ಎಂದಿತು. ಫಿಂಟನ್ ಹೊಟ್ಟೆ ಹಿಡಿದು ಮೇಜಿಗೆ ಒರಗಿದ. "ಈಗ ಅನುಮಾನಾನೇ ಇಲ್ಲ! ಇವರ ಮನೆಯೋನೇ! ದಾಖಲೆ ಪಾಸ್!"

ಮಿಸೆಸ್ ಡೀಗನ್‌ರ ನಗು ಮಾತ್ರ ಅರ್ಧಕ್ಕೆ ನಿಂತಿತು. "ಗೊರಕೆ ಹೊಡೆಯೋರನ್ನ ಸಾರೋಟಲ್ಲಿ ಹೇಗೆ ಕೂರಿಸ್ಲಿ, ಮಿಸ್ಟರ್ ಬ್ಲಾಂಗ್? ಕ್ಯಾಪ್ಟನ್ ಅಂದಿದ್ರಿ..."

"ಅವಸರ ಬೇಡ," ಎಂದರು ಮೊಸ್ಯು ಗರೀಗ್. ಕನ್ನಡಕದ ಹಿಂದೆ ಕಣ್ಣು ಮಿನುಗುತ್ತಿತ್ತು. "ಕ್ಯಾಪ್ಟನ್‌ಗಳೂ ಗೊರಕೆ ಹೊಡೆಯುತ್ತಾರೆ. ಪುಸ್ತಕವನ್ನು ನಾನೇ ನೋಡುತ್ತೇನೆ. ಎಲ್ಲಿದೆ?"

ಗಂಟೆ ಎರಡೂಕಾಲು. ಹೆಟ್ಟಿ ಬೀಗದ ಕೈ ಹಿಡಿದು ಮುಂದೆ, ಅವಳ ಹಿಂದೆ ಮೊಸ್ಯು, ಮಿಸೆಸ್ ಡೀಗನ್, ಝಣಝಣ ಮ್ಯಾಲಕಿ, ಮಿಕ್ಕಿದ ನಗುವನ್ನು ನಕ್ಕು ಮುಗಿಸಲೆಂದು ಫಿಂಟನ್, ಜೊತೆಗೆ ಅರ್ಧ ಊರು. ಚರ್ಚಿನ ಮೇಜಿನ ಮೇಲೆ ಪುಸ್ತಕ ತೆರೆದು ಮುದುಕ ಹಾಳೆಗಳ ಮೇಲೆ ಬಗ್ಗಿದರು. ಐದು ನಿಮಿಷ. ಹತ್ತು ನಿಮಿಷ. ಮ್ಯಾಲಕಿ ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದಾಗಲೆಲ್ಲ ಉಂಗುರ ಕಿಣಿಕಿಣಿ ಎನ್ನುತ್ತಿತ್ತು.

"ಸುಮ್ನೆ ನಿಂತ್ಕೊಳೋ ಮಾರಾಯಾ," ಎಂದಳು ಹೆಟ್ಟಿ.

"ನಾನು ನಿಂತೇ ಇದೀನಿ. ಹುಳಗಳು ನಿಲ್ತಿಲ್ಲ."

"ಆಹಾ!" ಎಂದರು ಮೊಸ್ಯು ಗರೀಗ್. "ಇಲ್ಲಿದ್ದಾರೆ. ಎಟಿಯೆನ್ ಲ ಬ್ಲಾಂ. ರಾಜನು ಇವರ ಮತವನ್ನು ನಿಷೇಧಿಸಿದಾಗ ಫ್ರಾನ್ಸ್ ಬಿಟ್ಟರು, ಇಲ್ಲಿನ ಸೈನ್ಯದಲ್ಲಿ ಹೋರಾಡಿದರು, ಈ ಊರಿನಲ್ಲಿ ನೆಲೆಸಿದರು. ಹುದ್ದೆ: ಕ್ಯಾಪ್ಟನ್!"

ಎಲ್ಲರಿಗಿಂತ ಹೆಚ್ಚು ಬೆರಗಾದವನು ಮ್ಯಾಲಕಿ. ಅಪ್ಪ ನಿಜ ಹೇಳಿದ್ದನೇ? ಅದೂ ಕುಡಿದು? ಅವನ ಕಣ್ಣಲ್ಲಿ ನೀರು ಬಂತು. ಮಿಸೆಸ್ ಡೀಗನ್ ಅವನ ತೋಳು ಹಿಡಿದರು. ತಾನೇ ತಾನಾಗಿ ಆಕೆ ಅವನ ತೋಳು ಹಿಡಿದದ್ದು ಅದೇ ಮೊದಲು.

"ಕ್ಯಾಪ್ಟನ್‌ಗೆ ಇಬ್ಬರು ಗಂಡುಮಕ್ಕಳು," ಎಂದು ಮುದುಕ ಮುಂದುವರಿಸಿದರು. "ಒಬ್ಬನು ಪೀಟರ್. ಬೂಟು ಹೊಲಿಯುವವನು. ಊರಿನವರ ಬಾಯಲ್ಲಿ 'ಬ್ಲಾಂ' ಎಂಬುದು 'ಬ್ಲಾಂಗ್' ಆಗಿದೆ."

"ನಮ್ಮೋನೇ! ನಮ್ಮನೇಲಿ ತಲೆಮಾರಿಗೊಬ್ಬ ಪೀಟರ್! ನಮ್ಮಪ್ಪನೂ ಪೀಟರೇ!" ಎಂದು ಮ್ಯಾಲಕಿ ಕುಣಿದ. ಫಿಂಟನ್ ಮುಖ ಮೊದಲ ಸಲ ಪೆಚ್ಚಾಯಿತು. ಅದನ್ನು ಕಂಡ ಮ್ಯಾಲಕಿಗೆ ನಾಲಿಗೆ ಹಿಡಿತಕ್ಕೆ ಸಿಗಲಿಲ್ಲ. "ಮಿಸೆಸ್ ಡೀಗನ್, ಒಂದು ಮಾತು. ಇಂಥ ವಿಷಯದಲ್ಲಿ ಪದ್ಧತಿ ಅಂತ ಒಂದಿರ್ಬೇಕು. ಹಿರೀ ಮಗನ ಕಡೆಯೋರು ಸಾರೋಟಲ್ಲಿ. ಕಿರಿಯೋನ ಕಡೆಯೋರು ಯಾರಾದ್ರೂ ಬದುಕಿದ್ರೆ ಪಾಪ, ನಡ್ಕೊಂಡು ಬರ್ಲಿ. ಏನಂತೀರಿ?"

"ಬಹಳ ನ್ಯಾಯವಾದ ಮಾತು," ಎಂದು ಮಿಸೆಸ್ ಡೀಗನ್ ಎಲ್ಲರ ಮುಂದೆ ಒಪ್ಪಿಕೊಂಡರು.

"ಪೀಟರ್ ಕಿರಿಯವನು," ಎಂದರು ಮೊಸ್ಯು ಗರೀಗ್, ಹಾಳೆ ತಿರುವುತ್ತ. "ಹಿರಿಯವನ ಹೆಸರು ಡೇನಿಯಲ್. ಈತನು ಜಾಣ. ಹೆಸರನ್ನು ಊರಿನವರು ಕೆಡಿಸುವ ಮೊದಲು ತಾನೇ ಈ ಊರಿನ ಭಾಷೆಗೆ ತಂದುಕೊಂಡಿದ್ದಾನೆ. ನಮ್ಮಲ್ಲಿ ಬ್ಲಾಂ ಎಂದರೆ ಬಿಳುಪು. ನೋಡಿ, ಮದುವೆಯ ದಿನ ರುಜು ಹಾಕಿರುವುದು: ಡೇನಿಯಲ್ ವೈಟ್. ಕಸುಬು, ಮಾಂಸದ ವ್ಯಾಪಾರ. ಮಾರುಕಟ್ಟೆ ಚೌಕ."

ಹೆಟ್ಟಿ ನಿಧಾನವಾಗಿ ತಿರುಗಿದಳು.

"ಲೋ ಫಿಂಟನ್, ನಿನ್ನ ಅಂಗಡಿ ಬಾಗಿಲ ಮೇಲಿನ ಕಲ್ಲಲ್ಲಿ ಕೆತ್ತಿರೋ ಹೆಸರು ಅದೇ ಅಲ್ವೇನೋ?"

"ಅದು... ನಮ್ಮ ಮುತ್ತಾತನ ಮುತ್ತಾತಂದು," ಎಂದ ಫಿಂಟನ್. "ಅವತ್ತಿಂದ ಅಂಗಡಿ ನಮ್ದೇ. ಅಯ್ಯಯ್ಯೋ, ನಾನಾ? ನಂಗೆ ಬೇಡ! ಇವನ ನೆಂಟ ಅನ್ನಿಸ್ಕೊಳ್ಳೋದಕ್ಕಿಂತ ನಾನು ಊರೇ ಬಿಡ್ತೀನಿ!"

ಆದರೆ ಮಿಸೆಸ್ ಡೀಗನ್‌ರ ಕೈ ಆಗಲೇ ಒಂದು ತೋಳನ್ನು ಬಿಟ್ಟು ಇನ್ನೊಂದು ತೋಳನ್ನು ಹಿಡಿದಾಗಿತ್ತು.

"ಮಿಸ್ಟರ್ ವೈಟ್! ಇಷ್ಟು ವರ್ಷ ನಿಮ್ಮತ್ರ ಬರೀ ಸಾಸೇಜ್ ತಗೊಂಡು ವಾಪಸ್ ಹೋಗ್ತಿದ್ನಲ್ಲ ನಾನು! ಹೆಟ್ಟಿ, ಆ ಕೋಟು ಇವರಿಗೆ ಹಾಕು. ಮೂರಕ್ಕೆ ಹತ್ತು ನಿಮಿಷ ಇದೆ."

ಕೋಟು ಬಿಚ್ಚಲಾಯಿತು. ಫಿಂಟನ್‌ನ ಹೊಟ್ಟೆಗೆ ಅದು ಮುಚ್ಚಿಕೊಳ್ಳಲಿಲ್ಲ, ಆದರೂ ಮಿಸೆಸ್ ಡೀಗನ್ "ಎಷ್ಟು ಒಪ್ಪುತ್ತೆ!" ಎಂದರು. ಆ ಮಾತು ಕೇಳಿದ ಮೇಲೆ ಫಿಂಟನ್ ಊರು ಬಿಡುವ ವಿಚಾರ ಎತ್ತಲಿಲ್ಲ. ಎದೆ ಉಬ್ಬಿಸಿಕೊಂಡು ಸಾರೋಟು ಹತ್ತಿ ಆಕೆಯ ಪಕ್ಕ ಕೂತ.

ಆಗ ಇನ್ನೊಂದು ತೊಂದರೆ ಎದ್ದಿತು. ಬ್ಯಾಂಡಿನ ಸದ್ದಿಗೆ ಕುದುರೆ ಬೆದರಿ ಹೆಜ್ಜೆ ಕಿತ್ತಿಡಲು ಒಪ್ಪಲಿಲ್ಲ. ಲಗಾಮು ಹಿಡಿದು ಮುಂದೆ ನಡೆಯಲು ಯಾರಾದರೂ ಬೇಕಿತ್ತು. ಸ್ವೆಟರಿನಲ್ಲಿ ಕೈಕಟ್ಟಿ ನಿಂತಿದ್ದ ಮ್ಯಾಲಕಿಯ ಮೇಲೆ ಎಲ್ಲರ ಕಣ್ಣೂ ಬಿತ್ತು. ಕಿರಿಯವನ ಕಡೆಯವರು ನಡೆದು ಬರಲಿ ಎಂದು ಅವನೇ ಹೇಳಿಯಾಗಿತ್ತು, ಬೇರೆ ದಾರಿಯಿರಲಿಲ್ಲ.

"ನಿಧಾನ ತಮ್ಮಾ," ಎಂದು ಮೇಲಿನಿಂದ ಫಿಂಟನ್ ಮುದ್ದಾಗಿ ಹೇಳಿದ. "ಸಾರೋಟು ಅಲುಗಾಡ್ಬಾರ್ದು. ಮಿಸೆಸ್ ಡೀಗನ್‌ಗೆ ನಮ್ಮ ವಂಶದ ಕತೆ ಹೇಳ್ತಿದೀನಿ."

ಮೆರವಣಿಗೆ ಹೊರಟಿತು. ನದಿಯ ಸೇತುವೆಯ ಹತ್ತಿರ, ಹಬ್ಬ ನೋಡಲು ಪಕ್ಕದ ಊರಿನಿಂದ ಬಂದಿದ್ದ ಹೆಂಗಸೊಬ್ಬಳು ಗೆಳತಿಯನ್ನು ಮೊಣಕೈಯಿಂದ ತಿವಿದಳು.

"ಕೆಂಪು ಕೋಟಿನೋರು ಕ್ಯಾಪ್ಟನ್ ವಂಶದೋರಂತೆ, ಎಂಥಾ ಗತ್ತು ನೋಡು! ಮುಂದೆ ಕುದುರೆ ಹಿಡ್ಕೊಂಡಿರೋನು ಯಾರೇ?"

"ಅವನಾ? ಯಾರೋ ದೂರದ ನೆಂಟನಂತೆ," ಎಂದಳು ಗೆಳತಿ. "ಇಂಥ ದೊಡ್ಡೋರ ಮನೇಲಿ ಒಬ್ಬೊಬ್ರು ಹೀಗೆ ಇದ್ದೇ ಇರ್ತಾರೆ, ಬಿಡು."