ದೃಷ್ಟಿ ನೀರು ಕುಡಿದ ಸೌತೆಗಿಡಗಳು

ಗಿಡಗಳನ್ನು ಪೀಡಿಸಿ ಡಾಕ್ಟರೇಟ್ ಪಡೆಯುವ ಪದ್ಧತಿಯೊಂದು ಲೋಕದಲ್ಲಿದೆ ಎಂದು ಮದುವೆಯ ಹೊತ್ತಿಗೆ ನನ್ನ ಹೆಂಡತಿಗೆ ಗೊತ್ತಿರಲಿಲ್ಲ. ಬೆಳಗಾವಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವನೆಂದರೆ ಹೂವು ಬೆಳೆಸುವ ಸಾತ್ವಿಕ ಎಂದೇ ಅವಳ ತವರಿನವರು ನಂಬಿದ್ದರು. ನಾನೋ, ಸೌತೆಗಿಡಕ್ಕೆ ಉಪ್ಪುನೀರು ಕುಡಿಸಿ, ಅದು ಕಂಗಾಲಾದಾಗ ಬೇರಿಗೆ ಹಾರ್ಮೋನಿನ ಸಾಗಣೆ ನೋಡಿಕೊಳ್ಳುವ ಜೀನುಗಳು ಏನು ಮಾಡುತ್ತವೆಂದು ಇಣುಕುವವನು. ಹೊಸ ಶತಮಾನ ಆಗಷ್ಟೇ ಬಂದಿತ್ತು. ಜೀನು ಎಂದರೆ ಸಾಕು, ಜನ ಎದ್ದು ಕುರ್ಚಿ ಕೊಡುತ್ತಿದ್ದರು. ಮನೆಯಲ್ಲಿ ಮಾತ್ರ ಕೊಡುತ್ತಿರಲಿಲ್ಲ.

ಕಾಲೇಜಿನ ಗಾಜಿನಮನೆಯಲ್ಲಿ ಪ್ರಾಂಶುಪಾಲರ ಸ್ಕೂಟರು ವಾಸವಾಗಿದ್ದರಿಂದ ನನ್ನ ಕುಂಡಗಳು ಖಾಸಬಾಗದ ಬಾಡಿಗೆ ಮನೆಯ ಹಿತ್ತಲಿಗೆ ಬಂದವು. ಬಲಗಡೆಯ ಸಾಲಿಗೆ ಉಪ್ಪುನೀರು, ಎಡಗಡೆಯದಕ್ಕೆ ಸಿಹಿನೀರು. ಬಲದ್ದು ಬಾಡಬೇಕು, ಎಡದ್ದು ನಳನಳಿಸಬೇಕು, ಸೋಮವಾರ ಗೈಡ್ ಬಂದು ಎರಡರ ಬೇರನ್ನೂ ಒಯ್ಯಬೇಕು. ನನ್ನ ಪಿಎಚ್.ಡಿ.ಗೆ ಅದೇ ಕೊನೆಯ ಗಡುವು. ಅಷ್ಟರಲ್ಲಿ ಖಾನಾಪುರದಾಚೆಯ ಗುಂಜಿಯಿಂದ ನಮ್ಮ ಅತ್ತೆ ರೈಲಿನಲ್ಲಿ ಬಂದಿಳಿದರು.

ಅವರು ಬಂದ ಕೆಲವೇ ದಿನಗಳಲ್ಲಿ ಸಿಹಿನೀರಿನ ಸಾಲೂ ಜೋತುಬಿತ್ತು. ನನಗೆ ಅನ್ನ ಸೇರದಾಯಿತು. ಉಪ್ಪು ಕುಡಿದ ಗಿಡ ಪಕ್ಕದ ಗಿಡಕ್ಕೆ ತನ್ನ ಗೋಳು ತಿಳಿಸುತ್ತದೆಂಬ ಹೊಸ ಸಿದ್ಧಾಂತ ಕಟ್ಟಿ, ಅದಕ್ಕೊಂದು ಗಂಭೀರ ಇಂಗ್ಲಿಷ್ ಹೆಸರನ್ನೂ ಇಟ್ಟೆ.

ಭಾನುವಾರ ಸಂಜೆ ಅತ್ತೆ ಹಿಡಿ ತುಂಬ ಉಪ್ಪು ತಂದರು. "ಮಾರಿ ಎಷ್ಟ ಸೊರಗೇತ್ರೀ ಅಳಿಯಂದಿರ! ಕುಂದರ್ರಿ, ಇವತ್ತೂ ದೃಷ್ಟಿ ತಗೀತೀನಿ" ಎಂದು ನಿವಾಳಿಸಿ, ಉಪ್ಪನ್ನು ತಂಬಿಗೆಯ ನೀರಿನಲ್ಲಿ ಕದಡಿ, ಹಿತ್ತಲಿಗೆ ನಡೆದರು. ಹಿಂದೆಯೇ ಹೋದೆ. ನೀರೆಲ್ಲ ನನ್ನ ಎಡಗಡೆಯ ಕುಂಡಗಳಿಗೆ!

"ಅತ್ತಿ! ಏನ ಮಾಡಾಕತ್ತೀರಿ?"

"ದೃಷ್ಟಿ ನೀರು ಮಂದಿ ತುಳಿಯೂ ಜಾಗಾದಾಗ ಚೆಲ್ಲಬಾರ್ದರೀ. ನಿಮ್ಮ ಹಿತ್ತಲದಾಗ ಪೂರಾ ಫರ್ಸಿಕಲ್ಲ ಹಾಸ್ಯಾರ, ಮಣ್ಣ ಅಂದ್ರ ಈ ಕುಂಡದಾಗ ಇರೂದಷ್ಟ. ಆ ಬಾಜುದವು ಮದಲ ಬಾಡ್ಯಾವ, ಪಾಪ. ಇವು ಗಟ್ಟಿ ಇದ್ದೂ, ತಡಕೋತಾವ ಅಂತ ದಿನಾ ಇವಕ್ಕ ಹಾಕೀನಿ."

"ದಿನಾ?"

"ನೀವು ದಿನಾ ಸೊರಗಾಕತ್ತಿದ್ರೆಲ್ಲಾ!" ಎಂದಳು ಹಿತ್ತಲ ಬಾಗಿಲಿಗೆ ಬಂದಿದ್ದ ಹೆಂಡತಿ.

ನಾನು ಸೊರಗಿದಷ್ಟೂ ಉಪ್ಪು, ಉಪ್ಪು ಬಿದ್ದಷ್ಟೂ ಗಿಡ ಬಾಡುವುದು, ಗಿಡ ಬಾಡಿದಷ್ಟೂ ನಾನು. ಸಂಕಟವನ್ನು ಬೇರಿಗೆ ಸಾಗಿಸುವ ವ್ಯವಸ್ಥೆಯನ್ನು ವರ್ಷಗಟ್ಟಲೆ ಸೌತೆಯೊಳಗೆ ಹುಡುಕಿದ್ದೆ. ಅದು ಗುಂಜಿಯಿಂದ ಬಂದು ನಮ್ಮ ಮನೆಯಲ್ಲೇ ಊಟ ಮಾಡುತ್ತಿತ್ತು.

ಸೋಮವಾರ ಗೈಡ್ ಎರಡೂ ಸಾಲು ನೋಡಿ, "ಇದರಾಗ ಒತ್ತಡ ಯಾವುದಕ್ಕ ಆಗೇತೋ?" ಎಂದರು. "ನನಗರೀ ಸರ" ಎಂದೆ. ಬೈದು ಹೋದರು. ಡಾಕ್ಟರೇಟೂ ಅವರ ಹಿಂದೆಯೇ ಹೋಯಿತು. ಸಂಜೆ ಅತ್ತೆ ಮತ್ತೆ ಉಪ್ಪು ಹಿಡಿದು ಬಂದಾಗ, ವಿಜ್ಞಾನಿಯಾದ ನಾನು ಹೇಳಿಸಿಕೊಳ್ಳದೆ ಪೂರ್ವಕ್ಕೆ ಮುಖ ಮಾಡಿ ಕುಳಿತೆ. ನೀರನ್ನು ಮಾತ್ರ ವೈಜ್ಞಾನಿಕವಾಗಿ ಬಲಗಡೆಯ ಉಪ್ಪಿನ ಸಾಲಿಗೇ ಹಾಕಿಸಿದೆ.