ಅತ್ತೆಯ ಹಲ್ಲು, ನನ್ನ ಡೋನಟ್

ದಂತವೈದ್ಯನೊಬ್ಬ ಮನಸ್ಸು ಮಾಡಿದರೆ ಆಗದ್ದೇನಿದೆ! ಮಿಸುಕಾಡದ ದವಡೆ ಹಲ್ಲುಗಳನ್ನೇ ಬೇರುಸಹಿತ ಕಿತ್ತ ಈ ಕೈಗೆ ನಿಂಬೆಹಣ್ಣಿನ ಗಾತ್ರದ ಡೋನಟ್ ಯಾವ ಲೆಕ್ಕ? ಹೀಗೆಂದು ಘೋಷಿಸಿ, ಭಾನುವಾರ ಬೆಳಿಗ್ಗೆ ಹೆಂಡತಿಯ ಏಪ್ರನ್ ಕಟ್ಟಿಕೊಂಡು ಅಡುಗೆಮನೆಗೆ ದಂಡೆತ್ತಿ ಹೋದೆ.

ಈ ವೀರಾವೇಶಕ್ಕೆ ಕಾರಣ ನನ್ನ ಅತ್ತೆ. ಅವರ ಹಲ್ಲಿನ ಸೆಟ್ಟು ಕಟ್ಟಿಕೊಟ್ಟವನು ನಾನೇ. ಅದೂ ಬಿಟ್ಟಿಯಾಗಿ! ಆದರೂ ಅವರು ಸಿಕ್ಕಸಿಕ್ಕವರಿಗೆಲ್ಲ, "ಅಳಿಯಂದಿರು ಕಟ್ಟಿದ ಹಲ್ಲು ನೋಡಿ, ನಾನು ಒಂದು ಮಾತಾಡಿದ್ರೆ ಅದು ಟಕಟಕ ಅಂತ ಎರಡು ಮಾತಾಡತ್ತೆ" ಎಂದು ಸಾರುತ್ತಿದ್ದರು. ಅಂದಿನಿಂದ ನೆಂಟರು ಹಲ್ಲುನೋವು ಬಂದರೂ ನನ್ನೆದುರು ಬಾಯಿ ಬಿಡುತ್ತಿರಲಿಲ್ಲ.

ಈಗ ಅತ್ತೆ ನಮ್ಮ ಮನೆಗೇ ಬಂದಿದ್ದರು. "ಬೇಕರಿಯವನ ಆ ಪುಟ್ಟ ಡೋನಟ್ ಉಂಡೆ ಅಂದ್ರೆ ನನಗೆ ಪ್ರಾಣ. ಈ ಹಲ್ಲಲ್ಲಿ ಅದನ್ನ ಹೇಗೆ ಕಚ್ಚಲಿ?" ಎಂದು ನಿಟ್ಟುಸಿರು ಬಿಟ್ಟರು. ಕಸುಬಿನ ಮಾನದ ಪ್ರಶ್ನೆ! ಹತ್ತಿಯಂಥ ಉಂಡೆ ಮಾಡಿ, ಅದೇ ಹಲ್ಲಲ್ಲಿ ತಿನ್ನಿಸಿ, "ಹಲ್ಲು ಚೆನ್ನಾಗಿದೆ" ಎಂದು ಅವರ ಬಾಯಿಂದಲೇ ಹೇಳಿಸಬೇಕು.

ಡೋನಟ್ಟಿನ ನಡುವಿನ ತೂತಿಗೆಂದು ಕತ್ತರಿಸಿ ತೆಗೆದ ಹಿಟ್ಟಿದೆಯಲ್ಲ, ಅದನ್ನೇ ಉಂಡೆ ಮಾಡಿ ಕರಿದು ಸಕ್ಕರೆಯ ಹೊಳಪು ಕೊಟ್ಟರೆ ಡೋನಟ್ ಹೋಲ್. ಇದನ್ನು ಹೆಂಡತಿಗೆ ವಿವರಿಸಿದೆ.

"ವಾರವೆಲ್ಲ ಜನರ ಹಲ್ಲಿನ ತೂತು ಮುಚ್ತೀರಿ. ಭಾನುವಾರ ತೂತು ಕರೀತೀರಾ?" ಎಂದಳು.

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಮೈದಾ, ಹಾಲು, ಬೆಣ್ಣೆ, ಧಾರಾಳವಾಗಿ ಈಸ್ಟ್! ಕಲಸಿ ಮುಚ್ಚಿಟ್ಟು ಪೇಪರ್ ಓದುತ್ತ ಕುಳಿತೆ.

"ರೀ, ಬನ್ನಿ ಇಲ್ಲಿ! ನಿಮ್ಮ ಹಿಟ್ಟು ಮನೆ ಬಿಟ್ಟು ಹೊರಟಿದೆ!"

ಹೋಗಿ ನೋಡಿದರೆ ಹಿಟ್ಟು ಮುಚ್ಚಳವನ್ನು ತಲೆಯ ಮೇಲೆ ಹೊತ್ತು ಕಟ್ಟೆಯಿಂದ ಇಳಿಯುತ್ತಿತ್ತು. "ಉತ್ಸಾಹ ಕಣೇ, ಯಜಮಾನನ ಗುಣ" ಎಂದು ಹೆಂಡತಿಗೆ ಹೇಳಿ, ಹಿಟ್ಟನ್ನು ಗದರಿ ಒಳಗೆ ತುಂಬಿದೆ. ಕರಿದ ಮೊದಲ ಸರದಿ ಇದ್ದಿಲಾಯಿತು. ಎರಡನೆಯದು? ಹೊರಗೆ ಹೊಂಬಣ್ಣ, ಒಳಗೆ ಹತ್ತಿ! ನನಗೆ ನನ್ನ ಮೇಲೇ ಪ್ರೀತಿ ಉಕ್ಕಿತು.

ಇನ್ನು ಉಳಿದದ್ದು ಹೊಳಪು. "ಪುಡಿ ಸಕ್ಕರೇನ ಹಾಲಲ್ಲಿ ಕಲಸಿದ್ರೆ ಸಾಕು ರೀ" ಎಂದಳು ಹೆಂಡತಿ. ಅಷ್ಟು ಸುಲಭದ್ದು ನನಗೇಕೆ? ಸಕ್ಕರೆಗೆ ನೀರು ಹಾಕಿ ಕುದಿಸಿದೆ, ಕುದಿಸಿದೆ, ಕುದಿಸುತ್ತಲೇ ಇದ್ದೆ. ಪಾಕದ ಹದ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಹಲ್ಲಿಗೆ ಕ್ಯಾಪ್ ಕೂರಿಸುವ ಸಿಮೆಂಟು ಕಡ್ಡಿ ಎತ್ತಿದರೆ ಎಳೆಯಾಗಿ ಏಳಬೇಕು. ಪಾಕವೂ ಹಾಗೇ ಎದ್ದಿತು!

"ಸೌಟು ಪಾತ್ರೆಯಿಂದ ಬರ್ತಾನೇ ಇಲ್ವಲ್ರೀ?"

"ಗುಣಮಟ್ಟ ಅಂದ್ರೆ ಅದು!"

ಉಂಡೆಗಳನ್ನು ಪಾಕದಲ್ಲಿ ಅದ್ದಿ ಅತ್ತೆಯ ಮುಂದೆ ತಟ್ಟೆ ಇಟ್ಟೆ. ಅವರು ಒಂದು ಉಂಡೆ ಬಾಯಿಗೆ ಹಾಕಿಕೊಂಡು ಅಗಿದರು. ಕಣ್ಣು ಅಗಲವಾಯಿತು. ಮಾತೇ ಇಲ್ಲ! ಮದುವೆಯಾದಾಗಿನಿಂದ ಅತ್ತೆ ಇಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ಕಂಡಿರಲಿಲ್ಲ.

"ನೋಡಿದ್ಯಾ? ರುಚಿಗೆ ಮಾತೇ ಹೊರಡ್ತಿಲ್ಲ!"

"ರುಚಿ ಅಲ್ಲ ರೀ! ಅಮ್ಮನ ಮೇಲಿನ ಹಲ್ಲು ಕೆಳಗಿನ ಹಲ್ಲು ಅಂಟ್ಕೊಂಡಿದೆ!"

ಇಬ್ಬರೂ ಅಡುಗೆಮನೆಗೆ ಓಡಿದೆವು. ಬಿಸಿನೀರು ತಂದೆವು. ತುಟಿಯ ಸಂದಿನಲ್ಲಿ ಗುಟುಕು ಗುಟುಕಾಗಿ ಬಿಟ್ಟೆವು. ಬಹಳ ಹೊತ್ತಿನ ಮೇಲೆ ಬಾಯಿ ತೆರೆಯಿತು. ಬೈಗುಳದ ಮಳೆಗೆ ಕಾಯುತ್ತ ತಲೆ ತಗ್ಗಿಸಿ ನಿಂತೆ.

"ಅಳಿಯಂದಿರೇ..." ಎಂದರು ಅತ್ತೆ. ತಾವೇ ಬೆಚ್ಚಿ ಬಿದ್ದರು. ಟಕಟಕ ಸದ್ದಿಲ್ಲ! ಸೆಟ್ಟನ್ನು ಹಿಡಿದು ಎಳೆದರು. ಕದಲಲಿಲ್ಲ! ಕೂಡಲೇ ತಂಗಿಗೆ ಫೋನ್ ಮಾಡಿದರು. "ಹಲ್ಲು ಬಂಡೆ ಥರ ಕೂತಿದೆ ಕಣೇ! ಅಳಿಯ ಅಂದ್ರೆ ನನ್ನ ಅಳಿಯ!"

ಗೆದ್ದೆ! ಕಾಲರ್ ಮೇಲೆತ್ತಿ ಹೆಂಡತಿಯ ಕಡೆ ನೋಡಿದೆ. ಇನ್ನು ನೆಂಟರೆಲ್ಲ ನನ್ನ ಕ್ಲಿನಿಕ್ಕಿನ ಮುಂದೆ ಸಾಲು ನಿಲ್ಲುವುದೊಂದೇ ಬಾಕಿ.

ಅತ್ತೆ ಫೋನ್ ಇಟ್ಟು, ಖಾಲಿ ಡಬ್ಬಿಗಳನ್ನು ನನ್ನ ಕೈಗೆ ಕೊಟ್ಟರು.

"ಡೋನಟ್ ಬೇಡ ಅಳಿಯಂದಿರೇ, ಆ ಪಾಕ ಮಾತ್ರ ತುಂಬಿಸಿಕೊಡಿ. ದಿನಾ ಬೆಳಿಗ್ಗೆ ಹಲ್ಲಿಗೆ ಹಚ್ಕೋತೀನಿ. ಇನ್ನೊಂದು ಡಬ್ಬಿ ನನ್ನ ತಂಗಿಗೆ. ಅವಳಿಗೂ ನೀವೇ ಅಲ್ವಾ ಹಲ್ಲು ಕಟ್ಟಿದ್ದು?"